ಹುಬ್ಬೇರಿಸಿದ ರಾಜಕುಮಾರಿಯರು

ನಮ್ಮ ಬೆಲ್ಲೋಸ್ ಓಣಿಯ ಜೇಬೆಜ್ ಟಕ್‌ವೆಲ್ ತನ್ನ ಜೀವಮಾನದಲ್ಲಿ ಕೊಂದಷ್ಟು ಹೆಂಗಸರನ್ನು ಲಂಡನ್ನಿನ ಯಾವ ಕೊಲೆಗಡುಕನೂ ಕೊಂದಿರಲಾರ. ಕೆಲವರನ್ನು ಕೊಳದಲ್ಲಿ ಮುಳುಗಿಸಿದ, ಕೆಲವರನ್ನು ಗೋಪುರದಿಂದ ಕೆಡವಿದ, ಒಬ್ಬಳನ್ನು ಮಠದ ಗೋಡೆಯೊಳಗೆ ನಿಲ್ಲಿಸಿ ಗಾರೆ ಮೆತ್ತಿದ, ಉಳಿದವರನ್ನು ಬೆಳದಿಂಗಳಲ್ಲಿ ಕೂರಿಸಿ ತಮ್ಮಷ್ಟಕ್ಕೆ ತಾವೇ ಕೊರಗಿ ಸಾಯಲು ಬಿಟ್ಟ. ಇಷ್ಟೆಲ್ಲ ಮಾಡಿದ್ದು ಒಂದು ಗಟ್ಟಿ ಪೆನ್ಸಿಲಿನಿಂದ, ಅಂಗೈಯಗಲದ ಮರದ ತುಂಡಿನ ಮೇಲೆ, ನಡುನಡುವೆ ಬೆಣ್ಣೆ ಸವರಿದ ರೊಟ್ಟಿ ಕಚ್ಚುತ್ತ.

ಅದು ಕಾವ್ಯದ ಕಾಲ. ಟೋಪಿ ಹೊಲಿಯುವ ಹುಡುಗಿಯಿಂದ ಹಿಡಿದು ಡ್ಯೂಕನ ಮಗಳವರೆಗೆ ಎಲ್ಲರಿಗೂ ಅಳುವುದಕ್ಕೆ ಒಂದು ಪುಸ್ತಕ ಬೇಕಿತ್ತು. ಕ್ರಿಸ್‌ಮಸ್ ಹತ್ತಿರ ಬಂತೆಂದರೆ ಪ್ರಕಾಶಕರು ರೇಷ್ಮೆ ರಟ್ಟಿನ ಕವನ ಪುಸ್ತಕಗಳನ್ನು ರಾಶಿ ರಾಶಿಯಾಗಿ ಹೊರತರುತ್ತಿದ್ದರು. ಪದ್ಯ ಹೇಗಾದರೂ ಇರಲಿ, ಅದರ ನೆತ್ತಿಯ ಮೇಲೆ ಒಂದು ಚಿತ್ರ ಇರಲೇಬೇಕು. ಕವಿ ನಾಲ್ಕು ಪುಟ ಹೊರಳಾಡಿ ಹೇಳುವ ದುಃಖ ಚಿತ್ರದಲ್ಲಿ ಒಂದೇ ನೋಟಕ್ಕೆ ಸಿಗಬೇಕು. ಪುಸ್ತಕದಲ್ಲಿ ಕವಿಯ ಹೆಸರು ದಪ್ಪಕ್ಷರದಲ್ಲಿ, ಪ್ರಕಾಶಕನದು ಅದಕ್ಕಿಂತ ದಪ್ಪಕ್ಷರದಲ್ಲಿ. ಜೇಬೆಜನ ಹೆಸರು ಎಲ್ಲೂ ಇಲ್ಲ. ಅವನಿಗೆ ಅದರ ಬೇಸರವೂ ಇರಲಿಲ್ಲ. ಇಷ್ಟು ಜನರನ್ನು ಸಾಯಿಸಿದವನು ಹೆಸರು ಹಾಕಿಕೊಳ್ಳದಿರುವುದೇ ಕ್ಷೇಮ ಎನ್ನುತ್ತಿದ್ದ.

ಅವನ ಅಪ್ಪ ಬಿಯರ್ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದವನು. ಅಪ್ಪ ಬರೆದ ಸಿಂಹಗಳು ಕೆಂಪಗೆ, ದಪ್ಪಗೆ, ಮಳೆಗಾಳಿಗೆ ಜಗ್ಗದೆ ನಿಂತಿದ್ದವು. ಮಗನ ಕೈ ಮಾತ್ರ ಚಿಕ್ಕದಕ್ಕೇ ಒಲಿದಿತ್ತು. ಆಳೆತ್ತರದ ಸಿಂಹ ಬರೆ ಎಂದರೆ ಇಲಿ ಬರೆಯುತ್ತಿದ್ದ. ಇಲಿಯ ಮೀಸೆಯ ಕೂದಲು ಎಣಿಸಬಹುದಿತ್ತು. ಅಪ್ಪ ತಲೆ ಚಚ್ಚಿಕೊಂಡು ಅವನನ್ನು ಮರದ ಮೇಲೆ ಚಿತ್ರ ಬರೆಯುವವರ ಬಳಿ ಬಿಟ್ಟ. ಅಲ್ಲಿ ಇಲಿ ಸಿಂಹವಾಯಿತು.

ಆ ಕಸುಬಿನ ರೀತಿ ಹೀಗೆ. ಕಲ್ಲಿನಷ್ಟು ಗಟ್ಟಿಯಾದ ಮರದ ತುಂಡನ್ನು ನುಣ್ಣಗೆ ಉಜ್ಜಿ, ಮೇಲೆ ತೆಳ್ಳಗೆ ಬಿಳಿ ಬಣ್ಣ ಬಳಿಯುತ್ತಾರೆ. ಬರೆಯುವವನು ಆ ಬಿಳುಪಿನ ಮೇಲೆ ಪೆನ್ಸಿಲಿನಲ್ಲಿ ಚಿತ್ರ ಬರೆಯುತ್ತಾನೆ. ಕೊರೆಯುವವನು ಗೆರೆಗಳನ್ನು ಉಳಿಸಿ ಉಳಿದದ್ದನ್ನೆಲ್ಲ ಕೆತ್ತಿ ತೆಗೆಯುತ್ತಾನೆ. ಅಚ್ಚಿನಲ್ಲಿ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹೋಗುವುದರಿಂದ ಮರದ ಮೇಲೆ ಎಲ್ಲವನ್ನೂ ತಿರುಗುಮುರುಗಾಗಿ ಬರೆಯಬೇಕು. ಜೇಬೆಜನ ವೀರರು ಎಡಗೈಯಲ್ಲಿ ಕತ್ತಿ ಹಿರಿದು ಮರದ ಮೇಲೆ ನಿಲ್ಲುತ್ತಿದ್ದರು. ಕಾಗದಕ್ಕೆ ಇಳಿದ ಮೇಲೆ ಬಲಗೈಯವರಾಗುತ್ತಿದ್ದರು. ವರ್ಷಗಟ್ಟಲೆ ಹೀಗೆ ಬರೆದೂ ಬರೆದೂ ಅವನ ಕೈಗೆ ತಿರುಗುಮುರುಗೇ ಸರಿಯಾದದ್ದಾಗಿತ್ತು. ಮನೆಯಲ್ಲಿ ಚಮಚ ಇಡುವುದನ್ನೂ ತಪ್ಪು ಬದಿಗೇ ಇಡುತ್ತಿದ್ದ.

ಇನ್ನೊಂದು ಸಂಗತಿ. ಕೊರೆಯುವವನ ಉಳಿ ಮುಟ್ಟಿದೊಡನೆ ಬರೆದವನ ಚಿತ್ರ ಇಲ್ಲವಾಗುತ್ತದೆ. ಮೂಲ ಎಂಬುದು ಉಳಿಯುವುದೇ ಇಲ್ಲ. ಆದ್ದರಿಂದ ಬೇರೆಯವರು ಮೊದಲು ಹಾಳೆಯ ಮೇಲೆ ಕರಡು ಚಿತ್ರ ಬರೆದು, ತಿದ್ದಿ, ಆಮೇಲೆ ಮರಕ್ಕೆ ಇಳಿಸುತ್ತಿದ್ದರು. ಜೇಬೆಜ್ ಇಲ್ಲ. "ಹಾಳೆ ಹೇಡಿಗಳಿಗೆ," ಎನ್ನುತ್ತಿದ್ದ. "ಈಜು ಬರೋನು ದಡದ ಮೇಲೆ ಕೈಕಾಲು ಬಡಿದು ಅಭ್ಯಾಸ ಮಾಡ್ತಾನಾ?" ನೇರ ಮರದ ಮೇಲೆ ಬರೆದು, ಬಟ್ಟೆಯಲ್ಲಿ ಸುತ್ತಿ ಕಳಿಸಿ, ಮುಂದಿನ ಹೆಣ್ಣನ್ನು ಮುಳುಗಿಸಲು ಕೂರುತ್ತಿದ್ದ. ಅಚ್ಚಾದ ಪುಸ್ತಕವನ್ನು ತೆರೆದೂ ನೋಡುತ್ತಿರಲಿಲ್ಲ. ಮಿಠಾಯಿ ಮಾಡುವವನು ಮಿಠಾಯಿ ತಿನ್ನುತ್ತಾನೆಯೇ?

ಅವನ ಮರಗಳನ್ನೆಲ್ಲ ಕೊರೆಯುತ್ತಿದ್ದವನು ಆಂಬ್ರೋಸ್ ಫಿನ್ನಿಮೋರ್. ಮದುವೆಯಾಗದವನು, ಬೋಳುತಲೆಯವನು, ಕಣ್ಣಿನ ಮೇಲೆ ಸದಾ ಹಸಿರು ಮರೆ ಕಟ್ಟಿಕೊಂಡು ದೀಪದ ಬೆಳಕನ್ನು ಮರದ ಮೇಲೆ ಒಟ್ಟುಗೂಡಿಸುವ, ನೀರು ತುಂಬಿದ ಗಾಜಿನ ಗುಂಡಿನ ಮುಂದೆ ಕೂರುವವನು. ಮರದ ಮೇಲೆ ಏನಿದೆಯೋ ಅದನ್ನು ಕೊರೆಯಬೇಕು, ಯಾಕಿದೆ ಎಂದು ಕೇಳಬಾರದು: ಇದು ಅವನ ಕಸುಬಿನವರ ನೇಮ. ಕುದುರೆಗೆ ಐದು ಕಾಲಿದ್ದರೆ ಐದನ್ನೂ ಕೊರೆಯುತ್ತಿದ್ದ. ಪ್ರತಿ ಶನಿವಾರ ಸಂಜೆ ಬಿಸಿ ಬಿಸಿ ಹಾವುಮೀನಿನ ಕಡುಬು ಹಿಡಿದು ಟಕ್‌ವೆಲ್ ಮನೆಗೆ ಚಹಾಕ್ಕೆ ಬರುತ್ತಿದ್ದ.

ಬಾಗಿಲು ತೆಗೆಯುತ್ತಿದ್ದವಳು ಜೇಬೆಜನ ಹೆಂಡತಿ ಡೋರ್ಕಸ್. ಅವಳಿಗಿಂತ ಮೊದಲು ಅವಳ ಹುಬ್ಬು ಬಾಗಿಲು ತೆಗೆಯುತ್ತಿತ್ತು. ಡೋರ್ಕಸಳ ಬಲಹುಬ್ಬು ಎಡದ್ದಕ್ಕಿಂತ ಒಂದು ಮೆಟ್ಟಿಲು ಮೇಲಿತ್ತು. ಹುಟ್ಟುವಾಗಲೇ ಹಾಗಿತ್ತೆಂದು ಅವಳ ತಾಯಿ ಹೇಳುತ್ತಿದ್ದಳು. ಸೂಲಗಿತ್ತಿಯನ್ನೇ ಅನುಮಾನದಿಂದ ನೋಡುತ್ತ ಭೂಮಿಗೆ ಬಂದಳಂತೆ. ಅದಕ್ಕೆ ಜೋಡಿಯಾಗಿ ಬಾಯಿಯ ಕೊನೆ ಇನ್ನೊಂದು ಬದಿಗೆ ಕೊಂಚ ಇಳಿದಿತ್ತು. ಹಾಲಿನವಳು ನಮ್ಮ ಓಣಿಯಲ್ಲೆಲ್ಲ ನೀರು ಬೆರೆಸಿ ಹಾಲು ಕೊಡುತ್ತಿದ್ದಳು, ಡೋರ್ಕಸಳ ಬಾಗಿಲಲ್ಲಿ ಮಾತ್ರ ಹಾಲನ್ನೇ ಕೊಡುತ್ತಿದ್ದಳು. ಕಲ್ಲಿದ್ದಲಿನವನು ಆ ಹುಬ್ಬಿನ ಎದುರು ತಾನಾಗಿಯೇ ಇನ್ನೊಂದು ಹಿಡಿ ಸುರಿಯುತ್ತಿದ್ದ. ಪಾದ್ರಿ ಪ್ರವಚನದ ನಡುವೆ ಅವಳತ್ತ ನೋಡಿಬಿಟ್ಟರೆ, ಮೋಶೆ ಸಮುದ್ರ ದಾಟಿದ್ದು ನಿಜವೋ ಅಲ್ಲವೋ ಎಂದು ಒಂದು ಕ್ಷಣ ತಡವರಿಸುತ್ತಿದ್ದ.

ಸಿಟ್ಟು ಬಂದಾಗ ಅವಳು ಗಂಡನನ್ನು "ಮಿಸ್ಟರ್ ಟಕ್‌ವೆಲ್" ಎನ್ನುತ್ತಿದ್ದಳು, ಪ್ರೀತಿ ಬಂದಾಗ "ಜೇಬೆಜ್". ಹಲವು ವರ್ಷಗಳಿಂದ ಮಿಸ್ಟರ್ ಟಕ್‌ವೆಲ್ಲೇ ನಡೆಯುತ್ತಿತ್ತು. ಗಂಡ ಇದನ್ನು ಹವಾಮಾನ ಎಂದುಕೊಂಡು ಸುಮ್ಮನಿದ್ದ.

ಹೀಗಿರುವಾಗ ಒಂದು ದಿನ ಪ್ರಕಾಶಕ ಯೂಸ್ಟಸ್ ಕ್ರೇಲ್ ಅವನನ್ನು ಕರೆಸಿದ. ಮೇಜಿನ ತುಂಬ ಅವನವೇ ಚಿತ್ರಗಳ ಅಚ್ಚುಗಳು ಹರಡಿದ್ದವು.

"ಟಕ್‌ವೆಲ್, ಈ ಹುಡುಗಿ ಏನು ಮಾಡ್ತಾ ಇದ್ದಾಳೆ?"

"ಮುಳುಗ್ತಾ ಇದ್ದಾಳೆ ಸರ್."

"ಮುಳುಗೋಳು ಆಕಾಶ ನೋಡ್ಬೇಕಲ್ಲಯ್ಯ. ಇವಳು ಮೀನಂಗಡೀಲಿ ನಿಂತು ಮೀನಿನ ಕಣ್ಣು ನೋಡ್ತಾ ಇರೋ ಹಾಗಿದೆ. ಇವಳು?"

"ವೀರ ಪ್ರಮಾಣ ಮಾಡ್ತಾ ಇದ್ದಾನೆ, ಇವಳು ಕೇಳಿಸ್ಕೊಳ್ತಾ ಇದ್ದಾಳೆ."

"ಒಂದು ಮಾತೂ ನಂಬ್ತಾ ಇಲ್ಲ ಇವಳು. ನೋಡು, ಅವನು ಮೊಣಕಾಲೂರಿದ್ದಾನೆ, ಹೃದಯದ ಮೇಲೆ ಕೈ ಇಟ್ಟಿದ್ದಾನೆ, ಇವಳು ಅವನ ಜೇಬು ನೋಡೋ ಥರ ನೋಡ್ತಾಳೆ. ಹೋದ ವರ್ಷದ ಸತ್ತ ರಾಣಿ ಇದ್ದಾಳಲ್ಲ, ಅವಳು ಸತ್ತ ಮೇಲೂ ನಂಬಿಲ್ಲ. ಕವಿಗಳೆಲ್ಲ ದೂರು ಹೇಳ್ತಾ ಇದ್ದಾರೆ. ಒಬ್ಬನಂತೂ ನನ್ನ ನಾಯಕಿ ಎದುರು ನನಗೇ ಸುಳ್ಳುಗಾರ ಅನ್ನಿಸ್ತು ಅಂತ ಅತ್ತುಬಿಟ್ಟ."

ಜೇಬೆಜ್ ಬಗ್ಗಿ ನೋಡಿದ. ಮೊದಲ ಬಾರಿಗೆ ತನ್ನ ಕೆಲಸವನ್ನು ಕಾಗದದ ಮೇಲೆ ಸರಿಯಾಗಿ ನೋಡಿದ. ಕೊಳದಲ್ಲಿ ಮುಳುಗುತ್ತಿದ್ದವಳು ಡೋರ್ಕಸ್. ಗೋಪುರದಿಂದ ಬೀಳುತ್ತಿದ್ದವಳು ಡೋರ್ಕಸ್. ಗೋಡೆಯೊಳಗೆ ಸಿಕ್ಕವಳು ಡೋರ್ಕಸ್. ಸತ್ತ ರಾಣಿ ಶವಪೆಟ್ಟಿಗೆಯಿಂದ ಹುಬ್ಬೇರಿಸಿ, ಸೀಮೆಸುಣ್ಣ ಬೆರೆಸಿದ ರೊಟ್ಟಿ ಮಾರಿದ ಬೇಕರಿಯವನನ್ನು ನೋಡುವಂತೆ, ಅವನನ್ನೇ ನೋಡುತ್ತಿದ್ದಳು.

ತಾನು ಇವಳನ್ನು ಬರೆದಿಲ್ಲ. ಎಂದೂ ಯಾರನ್ನೂ ನೋಡಿ ಬರೆದವನಲ್ಲ. ಎಲ್ಲ ಊಹೆಯಿಂದ ಬಂದದ್ದು. ಮರದ ಮೇಲೆ ತಾನು ಬರೆದ ಮುಖಗಳು ಅವನಿಗೆ ನೆನಪಿದ್ದವು, ಅವು ಬೇರೆ ಯಾರೋ ಆಗಿದ್ದವು. ಹಾಗಾದರೆ ಮರ ತನ್ನ ಕೈಬಿಟ್ಟ ಮೇಲೆ ಅದರೊಳಗೆ ಡೋರ್ಕಸಳನ್ನು ತಂದು ಕೂರಿಸಿದವರು ಯಾರು? ಮರ ಹೋಗುತ್ತಿದ್ದುದು ಒಬ್ಬನ ಕೈಗೆ ಮಾತ್ರ.

ಕ್ರೇಲ್ ಹೇಳುತ್ತಲೇ ಇದ್ದ: "ಹೊಸ ಪುಸ್ತಕದ ಎಲ್ಫ್ರೀಡಾ ನಂಬ್ಬೇಕು, ತಿಳೀತಾ? ನಂಬಿ ಮುರುಕು ಸೇತುವೆ ಮೇಲೆ ಕಾಲಿಡ್ಬೇಕು. ನಂಬದೆ ಹೋದ್ರೆ ದಡದಲ್ಲೇ ನಿಲ್ತಾಳೆ, ನನ್ನ ಪದ್ಯ ಅಲ್ಲೇ ಮುಗಿಯುತ್ತೆ. ಈ ಸಲ ಆ ಹುಬ್ಬು ಬಂದ್ರೆ ಬೇರೆಯವರನ್ನ ನೋಡ್ಕೋತೀನಿ."

ಜೇಬೆಜ್ "ಆಗಲಿ ಸರ್" ಎಂದದ್ದು ಯಾವ ಮಾತಿಗೆ ಎಂದು ಅವನಿಗೇ ಗೊತ್ತಿರಲಿಲ್ಲ.

ಮನೆಗೆ ಬರುವಷ್ಟರಲ್ಲಿ ಅವನ ತಲೆಯೊಳಗೆ ಇಡೀ ಪುಸ್ತಕ ಅಚ್ಚಾಗಿತ್ತು. ಒಬ್ಬ ಮನುಷ್ಯ ವರ್ಷಾನುಗಟ್ಟಲೆ ಒಂದೇ ಮುಖವನ್ನು ಕೂದಲು ಕೂದಲಾಗಿ ಕೊರೆಯುತ್ತಾನೆಂದರೆ ಅದಕ್ಕೆ ಏನು ಹೆಸರು? ಕವಿಗಳು ಅದಕ್ಕೆ ಒಂದೇ ಹೆಸರು ಕೊಡುತ್ತಾರೆ, ಮತ್ತು ಅಂಥ ಪದ್ಯಗಳಲ್ಲಿ ಗಂಡನಿಗೆ ಒಳ್ಳೆಯದಾದ ಉದಾಹರಣೆ ಇಲ್ಲ. ಪ್ರತಿ ಶನಿವಾರ ಹಾವುಮೀನಿನ ಕಡುಬು ಯಾಕೆ? ಹಾವುಮೀನು ತನಗೆ ಸೇರುವುದಿಲ್ಲ, ಸೇರುವುದು ಡೋರ್ಕಸಳಿಗೆ. ಅವನು ಬಂದಾಗ ಒಲೆಯ ಪಕ್ಕದ ಕುರ್ಚಿ ಅವನಿಗೇ ಯಾಕೆ? ತನಗೆ ಮಿಸ್ಟರ್ ಟಕ್‌ವೆಲ್ ಯಾಕೆ? ಇದುವರೆಗೆ ಹವಾಮಾನ ಎಂದುಕೊಂಡದ್ದೆಲ್ಲ ಈಗ ಸಾಕ್ಷಿಯಾಗಿ ಸಾಲಾಗಿ ನಿಂತಿತು. ಇಪ್ಪತ್ತು ವರ್ಷ ಅನುಮಾನವನ್ನೇ ಪಡದವನಿಗೆ ಒಮ್ಮೆಲೇ ಅದು ಬಂದರೆ ಹೊಸ ಬೂಟಿನ ಹಾಗೆ. ಎಲ್ಲಿ ಹೋದರೂ ಕಚ್ಚುತ್ತದೆ.

ಆ ಶನಿವಾರ ಅವನು ಬೇಕೆಂದೇ ಕಲ್ಲಿದ್ದಲು ತರುವ ನೆಪದಲ್ಲಿ ನೆಲಮಾಳಿಗೆಗೆ ಇಳಿದು, ಬೂಟು ಕಳಚಿ, ಬಕೆಟ್ಟು ಎದೆಗವಚಿಕೊಂಡು ಮೆಟ್ಟಿಲ ಮೇಲೆ ನಿಂತ. ಟ್ರಾಯ್ ಪಟ್ಟಣದ ಕುದುರೆಯ ಹೊಟ್ಟೆಯಲ್ಲಿದ್ದವರೂ ಅಷ್ಟು ಸದ್ದಿಲ್ಲದೆ ನಿಂತಿರಲಾರರು.

"ಇವತ್ತಾದ್ರೂ ಹೇಳಿ, ಮಿಸ್ಟರ್ ಫಿನ್ನಿಮೋರ್," ಡೋರ್ಕಸಳ ಪಿಸುದನಿ. "ನಿಮ್ಮ ಬಾಯಿಂದ ಒಂದು ಸಲ ಕೇಳ್ಬೇಕು ನಾನು."

"ಅದನ್ನೂ ಬಾಯಿಬಿಟ್ಟು ಹೇಳ್ಬೇಕಾ ಮಿಸೆಸ್ ಟಕ್‌ವೆಲ್? ನಿಮಗೆ ಗೊತ್ತಿಲ್ವಾ?" ಫಿನ್ನಿಮೋರ್ ನಗುತ್ತಿದ್ದ.

"ಗೊತ್ತಿದೆ. ಕಣ್ಣಿಗೆ ಕಾಣ್ಸುತ್ತಲ್ಲ. ಆದ್ರೂ ಕೇಳಿಬಿಟ್ರೆ ಎದೆ ಹಗುರಾಗುತ್ತೆ."

"ನಮ್ಮ ಕಸುಬಲ್ಲಿ ಅದೆಲ್ಲ ಹೇಳೋ ಹಾಗಿಲ್ಲ. ಇನ್ನೊಂದು ಚೂರು ಕೇಕ್ ಕೊಡಿ."

"ಕೊಡ್ತೀನಿ. ನಾನು ಕೇಳಿದ್ದು ಮಾತ್ರ ಅವರಿಗೆ ಗೊತ್ತಾಗ್ಬಾರದು."

ಬಕೆಟ್ಟಿನಿಂದ ಒಂದು ಕಲ್ಲಿದ್ದಲು ಉರುಳಿ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯಿತು. ಜೇಬೆಜನ ಹೃದಯವೂ ಅದರ ಹಿಂದೆಯೇ ಹೋಯಿತು.

ಅವನು ಕೂಗಾಡಲಿಲ್ಲ. ಕೂಗಾಡುವವನಿಗೆ ಕೈಯಲ್ಲಿ ಸಾಕ್ಷಿ ಇರಬೇಕು. ಇಲ್ಲಿ ಸಾಕ್ಷಿಯನ್ನು ಕಳ್ಳನೇ ಕೆತ್ತಿ ಪುಡಿ ಮಾಡಿ ಊದಿಬಿಡುತ್ತಿದ್ದ. ತಾನು ಬರೆದದ್ದು ಬೇರೆ, ಅವನು ಕೊರೆದದ್ದು ಬೇರೆ ಎಂದು ತೋರಿಸಬೇಕಾದರೆ ತಾನು ಬರೆದದ್ದು ಎಲ್ಲಾದರೂ ಉಳಿದಿರಬೇಕು. ಹೇಡಿಗಳ ಹಾಳೆ ಈಗ ವೀರನಿಗೆ ಬೇಕಾಯಿತು.

ಅಚ್ಚುಮನೆಯ ಒಳ್ಳೆಯ ಹಾಳೆ ತಂದು, ಕೋಣೆಯ ಚಿಲಕ ಹಾಕಿ, ಜೇಬೆಜ್ ತನ್ನ ಬದುಕಿನ ಮೊದಲ ಕರಡು ಚಿತ್ರ ಬರೆದ. ಸೇತುವೆ, ಪ್ರವಾಹ, ಆಚೆ ದಡದಲ್ಲಿ ಎಡಗೈ ಚಾಚಿದ ವೀರ. ಕೈ ಅಭ್ಯಾಸಬಲದಿಂದ ಹಾಳೆಯ ಮೇಲೂ ತಿರುಗುಮುರುಗಾಗಿಯೇ ಬರೆಯಿತು. ಅದೇ ಬೇಕಾದದ್ದೂ ಹೌದು, ಹಾಳೆಯಲ್ಲಿದ್ದಂತೆಯೇ ತಾನೇ ಮರಕ್ಕೆ ಇಳಿಯುವುದು. ಎಲ್ಫ್ರೀಡಾಳ ಮುಖವನ್ನು ಐದು ಸಲ ಅಳಿಸಿ ಬರೆದ. ಕೊನೆಗೆ ಮೂಡಿದವಳು ಅವನು ಎಂದೂ ಕಾಣದ ಹೆಣ್ಣು. ಒಂದು ಹುಬ್ಬು ತುಸು ಮೇಲಿತ್ತು, ಆಸೆಯಿಂದ ಎಂದುಕೊಂಡ. ಹಾಳೆಯ ಬೆನ್ನಿಗೆ ಕೆಂಪು ಸೀಮೆಸುಣ್ಣದ ಪುಡಿ ಉಜ್ಜಿ, ಮರದ ಮೇಲೆ ಇಟ್ಟು, ಗೆರೆಗಳ ಮೇಲೆ ಮೊಂಡು ಸೂಜಿ ಓಡಿಸಿ ಚಿತ್ರವನ್ನು ಇಳಿಸಿದ. ಮರವನ್ನು ಫಿನ್ನಿಮೋರನಿಗೆ ಕಳಿಸಿದ. ಹಾಳೆಯನ್ನು ಹಾಸಿಗೆಯ ಅಡಿಗೆ ತುರುಕಿದ.

ಮರ ಕೊರೆದು ಅಚ್ಚುಮನೆಗೆ ಹೋದ ಸುದ್ದಿ ಬಂದದ್ದೇ ತಡ, ಫಿನ್ನಿಮೋರನಿಗೆ ತಿಳಿಯದಂತೆ ಅಲ್ಲಿಗೆ ಓಡಿ ಮೊದಲ ಅಚ್ಚನ್ನು ಇಸಿದುಕೊಂಡು ಬಂದ. ಡೋರ್ಕಸ್ ಮಾರುಕಟ್ಟೆಗೆ ಹೋದ ಹೊತ್ತು ನೋಡಿ ಹಾಳೆಯನ್ನೂ ಅಚ್ಚನ್ನೂ ಕಿಟಕಿಯ ಬಳಿ ಪಕ್ಕಪಕ್ಕ ಹಿಡಿದ.

ಹಾಳೆಯಲ್ಲಿ ಅಪರಿಚಿತೆ. ಅಚ್ಚಿನಲ್ಲಿ ಡೋರ್ಕಸ್.

ಕೈವಾರ ತೆಗೆದು ಅಳೆದ. ಮೂಗಿಗೆ ಮೂಗು ಸರಿ. ಗಲ್ಲಕ್ಕೆ ಗಲ್ಲ ಸರಿ. ಹುಬ್ಬಿನ ಎತ್ತರ ಒಂದು ಕೂದಲೂ ಹೆಚ್ಚು ಕಡಿಮೆ ಇಲ್ಲ. ಆದರೆ ಹಾಳೆಯಲ್ಲಿ ಆಸೆಯಿಂದ ಏರಿದ್ದ ಹುಬ್ಬು ಅಚ್ಚಿನಲ್ಲಿ ಬಾಕಿ ವಸೂಲಿಗೆ ಬಂದಂತಿತ್ತು. ಎಡಬಲ ಬದಲಾಗಿತ್ತು, ಹೌದು. ಅದು ಬದಲಾಗುವುದು ಅವನಿಗೆ ಉಸಿರಾಟದಷ್ಟು ಸಹಜ, ಉಸಿರಾಟದ ಬಗ್ಗೆ ಯಾರು ಯೋಚಿಸುತ್ತಾರೆ? ಅವನು ಯೋಚಿಸಿದ್ದು ಬೇರೆಯೇ. ಕೈವಾರದ ಪ್ರಕಾರ ಫಿನ್ನಿಮೋರ್ ನಿರಪರಾಧಿ, ಕಣ್ಣಿನ ಪ್ರಕಾರ ಮಹಾಪರಾಧಿ. ಏನನ್ನೂ ಬದಲಾಯಿಸದೆ ಎಲ್ಲವನ್ನೂ ಬದಲಾಯಿಸಿದ್ದ. ಇಂಥ ಚಾಣಾಕ್ಷತನ ಪ್ರೀತಿಯಿಂದಲ್ಲದೆ ಬರುವುದಿಲ್ಲ. ಜೇಬೆಜ್ ಕೈವಾರವನ್ನೂ ಒಂದು ಕ್ಷಣ ಅನುಮಾನಿಸಿದ. ಅದು ಫಿನ್ನಿಮೋರ್ ಹುಟ್ಟುಹಬ್ಬಕ್ಕೆ ಕೊಟ್ಟದ್ದು.

ಹಾಳೆಯನ್ನು ಮತ್ತೆ ಹಾಸಿಗೆಯಡಿ ಇಟ್ಟು, ಅಚ್ಚನ್ನು ಕೋಟಿನ ಒಳಜೇಬಿಗೆ ಸೇರಿಸಿ, ಶನಿವಾರಕ್ಕೆ ಕಾದ. ಅಂದು ಮೂವರೂ ಒಂದೇ ಮೇಜಿನ ಸುತ್ತ ಇರುತ್ತಾರೆ. ಅಂದು ಹೆಂಡತಿ ಯಾರವಳು ಎಂಬುದು ತೀರ್ಮಾನವಾಗಬೇಕು. ಅವಳು ಹೋದರೆ ಹೋಗಲಿ ಎಂದು ಗಟ್ಟಿಯಾಗಿ ಹೇಳಿ ನೋಡಿಕೊಂಡ. ಹೇಳಿದೊಡನೆ ಕೋಣೆಯಲ್ಲಿ ಕೂರಲು ಜಾಗವೇ ಇಲ್ಲದಂತಾಗಿ ಎದ್ದು ಬೀದಿಗೆ ಹೋದ.

ಶುಕ್ರವಾರ ಇನ್ನೊಂದು ಸಾಕ್ಷಿ ಬಂದು ಸಾಲಿಗೆ ಸೇರಿತು. ಡೋರ್ಕಸ್ ಒಮ್ಮೆಲೇ ಒಳ್ಳೆಯವಳಾಗಿಬಿಟ್ಟಳು.

"ಜೇಬೆಜ್, ಬಿಸಿ ಮಫಿನ್ ಇದೆ, ಇನ್ನೊಂದು ತಿನ್ನು."

ಅವನು ಮಫಿನ್ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದ. ಜೇಬೆಜ್. ಈ ಹೆಸರನ್ನು ಅವಳ ಬಾಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತೆಂದರೆ ಹಿಂದೆ ಇನ್ನಾರೋ ನಿಂತಿದ್ದಾರೆಂದು ತಿರುಗಿ ನೋಡಿದ.

"ಏನು ಹಾಗೆ ನೋಡ್ತೀಯ?"

"ಏನಿಲ್ಲ. ಮಫಿನ್ ಚೆನ್ನಾಗಿದೆ."

"ಬೆಣ್ಣೆ ಜಾಸ್ತಿ ಹಾಕಿದೀನಿ."

ಗಂಡನಿಗೆ ಬೆಣ್ಣೆ ಜಾಸ್ತಿ ಹಾಕುವ ಹೆಂಡತಿ ಎಲ್ಲಿಗೋ ಹೊರಟು ನಿಂತಿದ್ದಾಳೆ ಎಂದೇ ಅರ್ಥ. ಇಡೀ ದಿನ ಅವಳು ಹಾಡಿಕೊಂಡಳು, ಅವನ ಕೋಟಿನ ಗುಂಡಿ ಹೊಲಿದಳು, ಹಾದುಹೋಗುವಾಗ ಅವನ ಬೋಳಾಗುತ್ತಿದ್ದ ನೆತ್ತಿಯನ್ನು ಒಮ್ಮೆ ಸವರಿದಳು. ಬೋಳಿನ ಮೇಲೆ ಅವಳಿಗೇನು ಹೊಸ ಅಕ್ಕರೆ ಎಂದು ಜೇಬೆಜ್ ಲೆಕ್ಕ ಹಾಕಿದ. ಉತ್ತರ ಫಿನ್ನಿಮೋರನ ತಲೆಗೇ ಹೋಗಿ ಮುಟ್ಟಿತು.

ಶನಿವಾರ ಬಂತು. ಹಾವುಮೀನಿನ ಕಡುಬು ಬಂತು. ಅದರ ಹಿಂದೆ ಫಿನ್ನಿಮೋರ್ ಬಂದ. ಡೋರ್ಕಸ್ ಭಾನುವಾರದ ಟೋಪಿ ಹಾಕಿಕೊಂಡಿದ್ದಳು. ಅವಳು ಚಹಾ ಬಗ್ಗಿಸುವುದಕ್ಕೆ ಮೊದಲೇ ಜೇಬೆಜ್ ಎದ್ದು ನಿಂತು, ಕೋಟಿನಿಂದ ಅಚ್ಚನ್ನು ಹಿರಿದು ಕಡುಬಿನ ಪಕ್ಕ ಇಟ್ಟ. ಅವನ ಯಾವ ವೀರನೂ ಅಷ್ಟು ಚೆನ್ನಾಗಿ ಕತ್ತಿ ಹಿರಿದವನಲ್ಲ.

"ಫಿನ್ನಿಮೋರ್, ಈ ಹೆಂಗಸು ಯಾರು?"

ಫಿನ್ನಿಮೋರ್ ನೋಡಿದ. ಆಮೇಲೆ ಕಡುಬನ್ನು ನೋಡಿದ. "ಮರದ ಮೇಲಿದ್ದದ್ದನ್ನ ಕೊರೆದಿದ್ದೀನಿ. ನನ್ನ ಕೇಳಿದ್ರೆ?"

"ಇವರನ್ನ ಯಾಕೆ ಕೇಳ್ತೀರಿ?" ಡೋರ್ಕಸಳ ದನಿ ಒಮ್ಮೆಲೇ ತಣ್ಣಗಾಯಿತು. "ನಾನು ನಿಮ್ಮನ್ನ ಕೇಳ್ಬೇಕು, ಮಿಸ್ಟರ್ ಟಕ್‌ವೆಲ್. ಯಾರು ಇವಳು? ವರ್ಷ ವರ್ಷ ಪುಸ್ತಕದಂಗಡಿ ಕಿಟಕೀಲಿ ಇವಳನ್ನ ನೋಡಿ ನೋಡಿ ಸಾಕಾಯ್ತು ನನಗೆ. ಮುಳುಗಿದ್ರೂ ಇವಳೇ, ಬಿದ್ರೂ ಇವಳೇ, ಸತ್ರೂ ಇವಳೇ. ಮನೇಲಿ ಒಬ್ಬಳು ಬದುಕಿದ್ದಾಳೆ, ಅವಳ ಒಂದು ಗೆರೆನೂ ನೀವು ಎಳೆದಿಲ್ಲ. ಈ ಸೊಟ್ಟಮೂತಿಯವಳು ಯಾರು ಅಂತ ಇವರನ್ನ ಕೇಳಿ ಕೇಳಿ, ಕೇಕು ತಿನ್ಸಿ ತಿನ್ಸಿ ಸೋತೆ. ನಕ್ಕೊಂಡು ಕೂತ್ಕೋತಾರೆ."

ಜೇಬೆಜ್ ಅಚ್ಚನ್ನು ಎತ್ತಿ ಅವಳ ಮುಖದ ಪಕ್ಕ ಹಿಡಿದ. "ಯಾರಂತೀಯ? ನೀನೇ ಅಲ್ವಾ ಇದು?"

"ನಾನಾ? ನನ್ನ ಮುಖ ನನಗೆ ಗೊತ್ತಿಲ್ವಾ?"

"ನನ್ನ ಹತ್ರ ಸಾಕ್ಷಿ ಇದೆ. ನಾನು ಬರೆದಿದ್ದು ಇವಳನ್ನಲ್ಲ, ಇವನು ನಡುವೆ ನಿನ್ನನ್ನ ತಂದು..." ಎನ್ನುತ್ತ ಜೇಬೆಜ್ ಕೋಣೆಗೆ ನುಗ್ಗಿ ಹಾಸಿಗೆ ಎತ್ತಿದ. ಹಾಳೆ ಇರಲಿಲ್ಲ. ಬಂದು ಬಾಗಿಲಲ್ಲಿ ನಿಂತ. ಕಳ್ಳ ಇಬ್ಬರಲ್ಲಿ ಯಾರು ಎಂದು ಒಬ್ಬೊಬ್ಬರನ್ನೇ ನೋಡಿದ.

ಡೋರ್ಕಸ್ ಏಪ್ರನ್ನಿನ ಒಳಗಿನಿಂದ ಹಾಳೆಯನ್ನು ತೆಗೆದು, ಮಡಿಕೆ ಬಿಡಿಸಿ, ಸವರಿ, ಮೇಜಿನ ಮೇಲಿಟ್ಟಳು. "ಇದಾ? ಹಾಸಿಗೆ ಕೊಡವಿದಾಗ ಸಿಕ್ತು. ಇದಕ್ಕೋಸ್ಕರ ನಿಮ್ಮದೆಲ್ಲಾ ಮನ್ನಿಸಿಬಿಟ್ಟಿದ್ದೆ. ಕೊನೆಗೂ ಹೆಂಡ್ತಿ ಮುಖ ಬರೆದ್ರಲ್ಲ, ನಾಚಿಕೊಂಡು ಬಚ್ಚಿಟ್ಟಿದ್ದಾರೆ ಅಂತ. ನಿನ್ನೆ ಮಫಿನ್‌ಗೆ ಬೆಣ್ಣೆ ಹಾಕಿದ್ದು ಇದಕ್ಕೆ."

"ಅದು ನೀನಲ್ಲ," ಎಂದ ಜೇಬೆಜ್.

"ಇದೇ ನಾನು."

"ಇದು ನೀನಲ್ಲ, ಅದು ನೀನು. ಇವಳು ಯಾರೋ ನನಗೂ ಗೊತ್ತಿಲ್ಲ."

"ಹೆಂಡ್ತಿ ಯಾರೋ ಗೊತ್ತಿಲ್ಲ ಅಂತೀರಾ?"

"ಹೆಂಡ್ತಿ ಅವಳು ಅಂತಾನೇ ಹೇಳ್ತಾ ಇದೀನಲ್ಲ."

ಗಂಡ ಹೆಂಡತಿ ಒಂದೊಂದು ಕಾಗದದ ಮೇಲೆ ಬೆರಳಿಟ್ಟು ನಿಂತರು. ನ್ಯಾಯಾಲಯದಲ್ಲಿ ಒಂದು ಹೊಲಕ್ಕೆ ಇಬ್ಬರು ಬಡಿದಾಡುವುದುಂಟು. ಒಂದು ಮುಖಕ್ಕೆ ಬಡಿದಾಡಿದ್ದು ಅಂದೇ ಮೊದಲಿರಬೇಕು. ಅದರಲ್ಲೂ ಆ ಮುಖದ ಒಡತಿಯೇ ಸೋಲುತ್ತಿದ್ದಳು.

ಅಷ್ಟರಲ್ಲಿ ಫಿನ್ನಿಮೋರನಿಗೆ ಹಾವುಮೀನು ನೆತ್ತಿಗೇರಿತು. ಕೆಮ್ಮಿ, ಕಣ್ಣೀರು ಒರೆಸಿಕೊಂಡು, ಗೋಡೆಯ ಮೊಳೆಗೆ ತೂಗುಹಾಕಿದ್ದ ಜೇಬೆಜನ ಕ್ಷೌರದ ಕನ್ನಡಿಯನ್ನು ತೆಗೆದುಕೊಂಡು ಬಂದ.

"ಮಿಸೆಸ್ ಟಕ್‌ವೆಲ್, ನಿಮ್ಮ ಮುಖ ನೀವು ಎಲ್ಲಿ ನೋಡ್ತೀರಿ?"

"ಇನ್ನೆಲ್ಲಿ ನೋಡ್ತಾರೆ, ಇದರಲ್ಲೇ."

"ನೀನು ಇವರ ಮುಖ ಎಲ್ಲಿ ನೋಡ್ತೀಯೋ?"

"ಮುಖದಲ್ಲೇ," ಎಂದ ಜೇಬೆಜ್.

"ಕನ್ನಡೀನೂ ಅಚ್ಚಿನ ಹಾಗೇನೇ, ಎಡದ್ದನ್ನ ಬಲ ಮಾಡುತ್ತೆ," ಎಂದು ಫಿನ್ನಿಮೋರ್ ಹಾಳೆಯನ್ನು ಕನ್ನಡಿಗೆ ಹಿಡಿದ. ಕನ್ನಡಿಯೊಳಗಿನಿಂದ ಡೋರ್ಕಸ್ ಜೇಬೆಜನನ್ನು ನೋಡಿದಳು, ಹುಬ್ಬೇರಿಸಿ. ಆಮೇಲೆ ಅಚ್ಚನ್ನು ಹಿಡಿದ. ಸೊಟ್ಟಮೂತಿಯವಳು ಮಾಯವಾಗಿ, ದಿನವೂ ಬೆಳಿಗ್ಗೆ ಟೋಪಿ ಸರಿಮಾಡಿಕೊಳ್ಳುವವಳು ಕನ್ನಡಿಯಲ್ಲಿ ಬಂದು ನಿಂತಳು. ಡೋರ್ಕಸ್ ಕಿವಿಯ ಹಿಂದಿನ ಕೂದಲು ಒತ್ತಿಕೊಂಡಳು, ಕನ್ನಡಿಯಲ್ಲಿದ್ದವಳು ಒತ್ತಿಕೊಳ್ಳಲಿಲ್ಲ. ಆಗ ಅವಳು ಮೆಲ್ಲಗೆ ಕುರ್ಚಿಯ ಮೇಲೆ ಕೂತಳು.

"ಮೊದಲನೇ ಸಲ ಈ ಹುಬ್ಬು ಮರದ ಮೇಲೆ ಬಂದಾಗ ಪೆನ್ಸಿಲ್ ಜಾರಿರಬೇಕು ಅಂದ್ಕೊಂಡೆ," ಎಂದ ಫಿನ್ನಿಮೋರ್. "ಆಮೇಲೆ ಈ ಮನೆಗೆ ಊಟಕ್ಕೆ ಬಂದೆ. ಬಾಗಿಲು ತೆಗೆದದ್ದೇ ಆ ಹುಬ್ಬು. ಅವತ್ತಿಂದ ಒಂದು ಕೂದಲೂ ಬಿಡದೆ ಕೊರೀತಾ ಬಂದಿದ್ದೀನಿ. ಹೆಂಡ್ತೀನ ಬಿಟ್ಟು ಬೇರೆ ಹೆಣ್ಣು ಬರೆಯೋಕೇ ಬರದ ಗಂಡ, ಅದನ್ನ ಅವನ ಬಾಯಲ್ಲಿ ಹೇಳಿಸೋದು ಬಿಟ್ಟು ನನ್ನ ಬಾಯಲ್ಲಿ ಕೇಳೋಕೆ ಕೇಕು ಕೊಡೋ ಹೆಂಡ್ತಿ. ಒಳ್ಳೇ ಜೋಡಿ ಅಂತ ತಿಂದ್ಕೊಂಡು ಸುಮ್ನಿದ್ದೆ."

ಜೇಬೆಜ್ ತನ್ನ ಬಲಗೈಯನ್ನು, ಅದು ಬೇರೆಯವರದೇನೋ ಎಂಬಂತೆ, ತಿರುಗಿಸಿ ತಿರುಗಿಸಿ ನೋಡಿದ. ಇಷ್ಟು ವರ್ಷ ಅದು ಅವನಿಗೆ ಹೇಳದೆ ಒಂದೇ ಮನೆಗೆ ಹೋಗಿ ಬರುತ್ತಿತ್ತು. ಮರದ ಮೇಲೆ ತಿರುಗುಮುರುಗಾಗಿ ಮೂಡಿದ್ದರಿಂದ ಗುರುತು ಹತ್ತಿರಲಿಲ್ಲ.

"ಅದಿರಲಿ," ಡೋರ್ಕಸಳ ಬಲಹುಬ್ಬು ಮೆಲ್ಲಗೆ ಏರತೊಡಗಿತು. "ನೀನು ಆ ಹಾಳೆ ಯಾಕೆ ಬಚ್ಚಿಟ್ಟೆ ಜೇಬೆಜ್? ಸಾಕ್ಷಿ ಅಂದ್ಯಲ್ಲ. ಏನಕ್ಕೆ ಸಾಕ್ಷಿ?"

ಸುಳ್ಳು ಹೇಳಬಹುದಿತ್ತು. ಆದರೆ ಆ ಹುಬ್ಬಿನ ಮುಂದೆ ಕಲ್ಲಿದ್ದಲಿನವನೇ ಸುಳ್ಳು ಹೇಳಲಾರದವನು. ಜೇಬೆಜ್ ನೆಲ ನೋಡುತ್ತ ಹೇಳಿದ, ಮೆಟ್ಟಿಲ ಮೇಲೆ ಬೂಟು ಕಳಚಿ ನಿಂತದ್ದನ್ನೂ ಸೇರಿಸಿ. ಡೋರ್ಕಸ್ ಫಿನ್ನಿಮೋರನನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿದಳು. ಬೋಳುತಲೆ, ಹಸಿರು ಕಣ್ಮರೆ, ಗಲ್ಲಕ್ಕೆ ಮೆತ್ತಿದ ಕಡುಬಿನ ಚೂರು.

"ಇವರ ಜೊತೆ?" ಎಂದು ನಗಲು ಶುರುಮಾಡಿದವಳು ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡರೂ ನಿಲ್ಲಿಸಲಾರದೆ ಹೋದಳು.

"ಅಷ್ಟು ನಗೋದು ಬೇಕಾಗಿರಲಿಲ್ಲ," ಎಂದ ಫಿನ್ನಿಮೋರ್, ನೊಂದು.

ನಗು ಮುಗಿದ ಮೇಲೆ ಅವಳು ಕಣ್ಣೊರೆಸಿಕೊಂಡು ಗಂಡನಿಗೆ ಚಹಾ ಬಗ್ಗಿಸಿದಳು. "ಕುಡೀರಿ, ಮಿಸ್ಟರ್ ಟಕ್‌ವೆಲ್. ನಾನೂ ಅನುಮಾನ ಪಟ್ಟೆ, ನೀವೂ ಪಟ್ರಿ. ನನ್ನದು ಪುಸ್ತಕದಲ್ಲಿದ್ದವಳ ಮೇಲೆ. ನಿಮ್ಮದು ನನ್ನ ಮೇಲೆ. ಎರಡೂ ಒಂದೇ ತೂಕ ಅಲ್ಲ." ಆ ಮಿಸ್ಟರ್ ಟಕ್‌ವೆಲ್ ಈಸ್ಟರ್ ತನಕ ನಡೆಯಿತು, ಮತ್ತು ಅಷ್ಟೂ ದಿನ ಬೆಣ್ಣೆ ಕಡಿಮೆಯಿತ್ತು ಎಂಬುದು ನಮ್ಮ ಓಣಿಗೆಲ್ಲ ಗೊತ್ತು.

ಎಲ್ಫ್ರೀಡಾಳ ಪಾಡು ಉಳಿದಿತ್ತು. ಕ್ರೇಲ್ ಅಚ್ಚು ನೋಡಿ, ಈ ಹುಡುಗಿ ಸೇತುವೆ ದಾಟುವ ಮೊದಲು ಸೇತುವೆ ಕಟ್ಟಿದವನನ್ನು ಕರೆಸು ಎನ್ನುತ್ತಾಳೆ ಎಂದು ಮರವನ್ನು ಹಿಂದಕ್ಕೆ ಕಳಿಸಿದ. ಜೇಬೆಜ್ ಹೊಸ ಹಾಳೆ ತೆಗೆದುಕೊಂಡು ಕೂತ. ಈಗ ಅವನಿಗೆ ಕೈಯ ಗುಟ್ಟು ಗೊತ್ತಿತ್ತು, ಗೊತ್ತಾದ ಮೇಲೆ ಕೈ ನಾಚಿಕೊಂಡಿತು. ಕೊನೆಗೆ ಹೆಂಡತಿಯನ್ನೇ ಕಿಟಕಿಯ ಬಳಿ ಕೂರಿಸಿದ.

"ನನ್ನ ಪೂರ್ತಿ ನಂಬಿರೋ ಹಾಗೆ ಒಂದು ಸಲ ನೋಡು."

ಡೋರ್ಕಸ್ ಪ್ರಾಮಾಣಿಕವಾಗಿ ಪ್ರಯತ್ನಿಸಿದಳು. ಹುಬ್ಬು ನಡುಗುತ್ತ ಅರ್ಧ ಇಳಿಯಿತು, ಅಲ್ಲೇ ನಿಂತಿತು, ಆಮೇಲೆ ಬಾಣದಂತೆ ಮೇಲೇರಿತು. "ನಂಬು ಅಂತ ಯಾಕೆ ಕೇಳ್ತಾ ಇದ್ದೀರಿ? ಏನು ಮಾಡ್ಕೊಂಡು ಬಂದಿದ್ದೀರಿ?"

ಜೇಬೆಜ್ ಪೆನ್ಸಿಲು ಕೆಳಗಿಟ್ಟ. ಅವಳ ಮುಖವನ್ನೇ ಬಹಳ ಹೊತ್ತು ನೋಡಿದ, ಮರದ ಮೇಲಲ್ಲದೆ, ಸರಿಯಾದ ಬದಿಯಿಂದ. ಇದನ್ನು ಇನ್ನು ಕ್ರೇಲ್‌ಗೆ ಕೊಡುವುದಿಲ್ಲ ಎಂದು ಅವನಿಗೆ ಅಲ್ಲೇ ಅನ್ನಿಸಿತು. ಬೇರೆ ಮುಖ ಅವನ ಕೈಗೆ ಬರುವುದೂ ಇಲ್ಲ. ಹಾಗಾದರೆ ಉಳಿದ ದಾರಿ ಒಂದೇ. ಎಲ್ಫ್ರೀಡಾಳನ್ನು ತಿರುಗಿಸಿ ನಿಲ್ಲಿಸಿದ. ಓದುಗರಿಗೆ ಬೆನ್ನು ಹಾಕಿ, ಜಡೆ ಗಾಳಿಗೆ ಬಿಟ್ಟು, ಅವಳು ಮುರುಕು ಸೇತುವೆಯ ಮೇಲೆ ಕಾಲಿಟ್ಟಳು.

ಕ್ರೇಲ್‌ಗೆ ಬಲು ಖುಷಿಯಾಯಿತು. ಮುಖ ಕಾಣದ ದುಃಖಕ್ಕೆ ಆಳ ಹೆಚ್ಚು ಎಂದು ಕವಿಗಳು ಹೊಗಳಿದರು. ಮುಂದೆ ಜೇಬೆಜನ ಹೆಣ್ಣುಗಳೆಲ್ಲ ಬೆನ್ನು ತೋರಿಸಿಯೇ ಮುಳುಗಿದರು, ಬೆನ್ನು ತೋರಿಸಿಯೇ ಬಿದ್ದರು. ಟೋಪಿ ಹೊಲಿಯುವ ಹುಡುಗಿಯರು ಆ ಬೆನ್ನುಗಳ ಮೇಲೆ ಕಣ್ಣೀರಿಟ್ಟರು. ಎಲ್ಲದಕ್ಕೂ ಮೊದಲು ಹಾಳೆಯ ಮೇಲೆ ಕರಡು ಬರೆದು, ಬಚ್ಚಿಡದೆ, ಚಹಾದ ಮೇಜಿನ ಮೇಲೆ ಇಡುವುದು ಅವನ ರೂಢಿಯಾಯಿತು.

ಅಂಥ ಒಂದು ಶನಿವಾರ ಫಿನ್ನಿಮೋರ್ ಕಡುಬು ಕತ್ತರಿಸುತ್ತಿದ್ದಾಗ ಡೋರ್ಕಸ್ ಹಾಳೆಯನ್ನು ಕೈಗೆತ್ತಿಕೊಂಡಳು. ಹಿಂದೆ ನೋಡಿದಳು, ಮುಂದೆ ನೋಡಿದಳು, ಕ್ಷೌರದ ಕನ್ನಡಿಗೂ ಹಿಡಿದು ನೋಡಿದಳು. ಹುಬ್ಬು ಏರಿತು.

"ಮಿಸ್ಟರ್ ಟಕ್‌ವೆಲ್, ಈ ಬೆನ್ನು ಯಾರದು?"

ತನ್ನ ಬೆನ್ನು ತನಗೆ ಕಾಣದು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಜೇಬೆಜ್ ಅರ್ಧ ಕುಡಿದ ಚಹಾ ಅಲ್ಲೇ ಬಿಟ್ಟು, ಟೋಪಿ ಹಾಕಿಕೊಂಡು, ಇನ್ನೊಂದು ಕನ್ನಡಿ ತರಲು ಮಾರುಕಟ್ಟೆಗೆ ಹೊರಟ.